ಬಿಲ್ಲು-ಬಾಣಕ್ಕೆ ಲೈಸೆನ್ಸ್ ಬೇಡವಂತೆ, ಹಾಗಾದರೆ ಕಾಡುಹಂದಿ ಬೇಟೆಯಾಡಬಹುದೇ?

ಅಮೆರಿಕದ ಟೆಕ್ಸಾಸ್‌ನಲ್ಲಿ ಗೆಳೆಯರ ಗುಂಪು ವಾರದ ಕೊನೆಗೆ ಬಿಲ್ಲು-ಬಾಣ ಹಿಡಿದು ಹಂದಿ ಬೇಟೆಗೆ ಹೋಗುವ ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಪುತ್ತೂರು, ಸುಳ್ಯ, ಕಡಬದ ತೋಟದವರಿಗೆ ಅದನ್ನು ನೋಡಿದಾಗ ‘ನಮ್ಮಲ್ಲೂ ಹೀಗೆ ಮಾಡಿದರೆ ಹೇಗೆ?’ ಎನ್ನಿಸುವುದು ಸಹಜ. ಸಂಜೆ ನೆಟ್ಟ ಅಡಿಕೆ ಸಸಿ ಬೆಳಗ್ಗೆ ಬುಡಮೇಲಾಗಿರುತ್ತದೆ. ಮರಗೆಣಸು, ಬಾಳೆ, ಭತ್ತ ಯಾವುದನ್ನೂ ಹಂದಿ ಬಿಡುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಜೊತೆಗೆ ಹರಿದಾಡುವ ಕೆಲವು ಮಾತುಗಳನ್ನು ನಂಬಿದರೆ ಜೈಲಿಗೆ ಹೋಗಬೇಕಾಗಬಹುದು. ಒಂದೊಂದಾಗಿ ನೋಡೋಣ.

ಹೇಳಿಕೆ 1: ಕೋವಿಗೆ ಲೈಸೆನ್ಸ್ ಬೇಕು, ಬಿಲ್ಲಿಗೆ ಬೇಡ. ಹಾಗಾಗಿ ಬಿಲ್ಲಿನಿಂದ ಹೊಡೆದರೆ ಕೇಸಿಲ್ಲ.

ಇದು ತಪ್ಪು. ಇಲ್ಲಿ ಎರಡು ಬೇರೆ ಬೇರೆ ಕಾನೂನುಗಳನ್ನು ಬೆರೆಸಲಾಗಿದೆ. ಆಯುಧ ಇಟ್ಟುಕೊಳ್ಳುವ ವಿಷಯ ಶಸ್ತ್ರಾಸ್ತ್ರ ಕಾಯ್ದೆಗೆ ಸೇರಿದ್ದು. ಪ್ರಾಣಿಯನ್ನು ಕೊಲ್ಲುವ ವಿಷಯ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಸೇರಿದ್ದು. ಈ ಎರಡನೆಯ ಕಾಯ್ದೆ ‘ಯಾವುದರಿಂದ ಕೊಂದಿರಿ’ ಎಂದು ಕೇಳುವುದಿಲ್ಲ. ಕೊಲ್ಲುವುದು, ವಿಷ ಹಾಕುವುದು, ಉರುಳು ಇಡುವುದು, ಅಟ್ಟುವುದು, ಆಮಿಷ ಒಡ್ಡುವುದು ಎಲ್ಲವೂ ಅದರ ಪ್ರಕಾರ ಬೇಟೆಯೇ. ಬೇಟೆಯ ಪ್ರಯತ್ನವೂ ಬೇಟೆಯೇ. ಅಂದರೆ ಹತ್ತು ಜನರ ಗುಂಪಿನಲ್ಲಿ ಒಬ್ಬ ಬಾಣ ಬಿಟ್ಟು, ಉಳಿದವರು ಬೊಬ್ಬೆ ಹಾಕಿ ಹಂದಿಯನ್ನು ಅಟ್ಟಿದ್ದರೂ, ಕೊನೆಗೆ ಹಂದಿ ಸಿಗದೆ ಹೋದರೂ ‘ನಾನು ಹೊಡೆಯಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ.

2022ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅಕ್ರಮವಾಗಿ ಕೊಂದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬೇಟೆ ನಡೆದದ್ದು ಅಭಯಾರಣ್ಯದೊಳಗಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಸುಬ್ರಹ್ಮಣ್ಯದಿಂದ ಕುಮಾರಪರ್ವತದ ಕಡೆಗೆ ಹತ್ತುತ್ತಾ ಹೋದರೆ ಪುಷ್ಪಗಿರಿ ವನ್ಯಜೀವಿಧಾಮ ಸಿಗುತ್ತದೆ ಎಂಬುದು ಇಲ್ಲಿ ನೆನಪಿರಲಿ. ಬೇಟೆಗೆ ಬಳಸಿದ ಆಯುಧ ಮಾತ್ರವಲ್ಲ, ಜೀಪು, ಬೈಕುಗಳೂ ಜಪ್ತಿಯಾಗುತ್ತವೆ.

ಹೇಳಿಕೆ 2: ಹಂದಿ ಕೊಲ್ಲಲು ಸರ್ಕಾರವೇ ಅನುಮತಿ ಕೊಟ್ಟಿದೆ.

ಇದು ಅರ್ಧ ಸತ್ಯ. ಇಂಥ ಸುದ್ದಿಗಳಿಗೆ ಸಾಮಾನ್ಯವಾಗಿ ಎರಡು ಮೂಲಗಳಿವೆ. ಒಂದು, 2015-16ರ ಸುದ್ದಿ. ಆಗ ಕೇಂದ್ರ ಸರ್ಕಾರ ಬಿಹಾರ ಮತ್ತು ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಯನ್ನು ‘ವರ್ಮಿನ್’, ಅಂದರೆ ಉಪದ್ರವಕಾರಿ ಪ್ರಾಣಿ ಎಂದು ಒಂದು ವರ್ಷದ ಮಟ್ಟಿಗೆ ಘೋಷಿಸಿತ್ತು. ಆ ಅವಧಿ ಎಂದೋ ಮುಗಿದಿದೆ. ಅದು ಕರ್ನಾಟಕಕ್ಕೆ ಅನ್ವಯಿಸಿಯೂ ಇರಲಿಲ್ಲ.

ಇನ್ನೊಂದು ಕೇರಳದ ಸುದ್ದಿ. ತೊಂದರೆ ಕೊಡುವ ಹಂದಿಗಳನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ. ಹಾಗಾಗಿ ಆ ಸುದ್ದಿ ಸುಳ್ಯಕ್ಕೆ ಬೇಗ ಬಂತು, ಆದರೆ ಆ ಆದೇಶ ಗಡಿ ದಾಟಿ ಬರುವುದಿಲ್ಲ. ಕೇರಳದಲ್ಲೂ ಹೊಡೆಯಬೇಕಾದವರು ಲೈಸೆನ್ಸ್ ಇರುವ ಕೋವಿಯವರು. ಗೆಳೆಯರ ಗುಂಪು ಕಟ್ಟಿಕೊಂಡು ಬಿಲ್ಲು ಹಿಡಿದು ಹೋಗಬಹುದು ಎಂದು ಅಲ್ಲೂ ಹೇಳಿಲ್ಲ.

ನಮ್ಮಲ್ಲಿ ದಾರಿಯೇ ಇಲ್ಲವೆಂದಲ್ಲ. ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಂದಿಯಿಂದ ಮನುಷ್ಯನ ಜೀವಕ್ಕೋ ನಿಂತ ಬೆಳೆಗೋ ಅಪಾಯವಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ನಮೂದಿಸಿ, ಬರಹದಲ್ಲಿ ಅನುಮತಿ ಕೊಡಬಹುದು. ಬೆಳೆ ರಕ್ಷಣೆಯ ಕೋವಿ ಲೈಸೆನ್ಸ್ ಮನೆಯಲ್ಲಿದೆ ಎಂದರೆ ಈ ಅನುಮತಿ ಇದ್ದಂತೆ ಆಗುವುದಿಲ್ಲ. ಹೀಗೆ ಅನುಮತಿ ಪಡೆದು ಕೊಂದರೂ ಸತ್ತ ಹಂದಿ ಸರ್ಕಾರದ ಆಸ್ತಿ. ಪಾಲು ಹಾಕಿ ಮಾಂಸ ಹಂಚಿಕೊಂಡರೆ ಅದು ಬೇರೆಯೇ ಅಪರಾಧ. ಮೈಮೇಲೆ ಎರಗಿದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅದು ಅಪರಾಧವಲ್ಲ. ಆದರೆ ಬೇಟೆಗೆಂದೇ ಕಾಡಿಗೆ ಹೋದವರಿಗೆ ಈ ರಕ್ಷಣೆ ಇಲ್ಲ.

ಹೇಳಿಕೆ 3: ಕೆಡ್ಡಸದ ಬೇಟೆ ನಮ್ಮ ಸಂಪ್ರದಾಯ, ಅದಕ್ಕೆ ವಿನಾಯಿತಿ ಇದೆ.

ವಿನಾಯಿತಿ ಇಲ್ಲ. ತುಳುನಾಡಿನಲ್ಲಿ ಕೆಡ್ಡಸದ ಸಮಯದಲ್ಲಿ ಊರಿನ ಗಂಡಸರು ಸೇರಿ ಬೇಟೆಗೆ ಹೋಗುತ್ತಿದ್ದದ್ದು ನಿಜ. ಹಿರಿಯರನ್ನು ಕೇಳಿದರೆ ಆ ಕತೆಗಳು ಈಗಲೂ ಸಿಗುತ್ತವೆ. ಆದರೆ ವನ್ಯಜೀವಿ ಕಾಯ್ದೆ ಬೇಟೆಯ ಹಕ್ಕನ್ನು ಉಳಿಸಿಕೊಟ್ಟಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡದವರಿಗೆ ಮಾತ್ರ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ಅನೇಕ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಂಡರೂ ಬೇಟೆಯನ್ನು ಹೆಸರಿಸಿಯೇ ಹೊರಗಿಟ್ಟಿದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗೆ ಅಲ್ಲ.

ಹೇಳಿಕೆ 4: ವಾರಕ್ಕೆ ನಾಲ್ಕು ಹಂದಿ ಹೊಡೆದರೆ ಕಾಟ ತಾನಾಗಿ ಕಡಿಮೆಯಾಗುತ್ತದೆ.

ಇದಕ್ಕೆ ಉತ್ತರ ಅಮೆರಿಕದಲ್ಲೇ ಇದೆ. ಅಲ್ಲಿನ ಹಂದಿಗಳು ಆ ನೆಲದವಲ್ಲ. 16ನೇ ಶತಮಾನದಲ್ಲಿ ಯುರೋಪಿನವರು ತಂದ ಸಾಕುಹಂದಿಗಳು ಕಾಡು ಸೇರಿ ಬೆಳೆದ ಸಂತತಿ ಅದು. ಹಾಗಾಗಿ ಟೆಕ್ಸಾಸ್‌ನಲ್ಲಿ ಅವುಗಳ ಬೇಟೆಗೆ ವರ್ಷವಿಡೀ ಅವಕಾಶವಿದೆ. ಇಷ್ಟಾದರೂ ಅವು ಕಡಿಮೆಯಾಗಿಲ್ಲ. ಹಂದಿ ಗರ್ಭ ಧರಿಸಿ ನಾಲ್ಕು ತಿಂಗಳೊಳಗೆ, ಸುಮಾರು 115 ದಿನಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ನಾಲ್ಕರಿಂದ ಆರು ಮರಿ. ಸಂಖ್ಯೆ ಏರದಂತೆ ತಡೆಯಬೇಕಾದರೆ ವರ್ಷಕ್ಕೆ ಮೂರರಲ್ಲಿ ಎರಡು ಪಾಲು ಹಂದಿಗಳನ್ನು ತೆಗೆಯಬೇಕು ಎಂಬುದು ಅಲ್ಲಿನ ತಜ್ಞರ ಅಂದಾಜು.

ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್ ಸೇನಾ ನೆಲೆಯಲ್ಲಿ 2007-08ರಲ್ಲಿ ಹಂದಿಯ ಬಾಲ ತಂದವರಿಗೆ ಇನಾಮು ಕೊಡುವ ಯೋಜನೆ ನಡೆಯಿತು. 1,100ಕ್ಕೂ ಹೆಚ್ಚು ಹಂದಿಗಳು ಸತ್ತವು. ಆದರೂ ಹಂದಿಗಳ ಸಂಖ್ಯೆ ಇಳಿಯುವ ಬದಲು ಏರಿತು. ಬೇಟೆಗಾರರು ಆಮಿಷಕ್ಕೆಂದು ಸುರಿದ ಆಹಾರ ಹಂದಿಗಳನ್ನೇ ಕೊಬ್ಬಿಸಿತು ಎಂಬುದು ಸಂಶೋಧಕರು ಕೊಟ್ಟ ಒಂದು ಕಾರಣ. ಕನ್ಸಾಸ್ ರಾಜ್ಯ ಹಂದಿಯ ಶೋಕಿ ಬೇಟೆಯನ್ನು ನಿಷೇಧಿಸಿಯೇ ನಿಯಂತ್ರಣಕ್ಕೆ ಹೊರಟಿತು. ಗುಂಪಿನ ಮೇಲೆ ದಾಳಿಯಾದರೆ ಹಂದಿಗಳು ಚದುರುತ್ತವೆ, ಇನ್ನಷ್ಟು ರಾತ್ರಿಯ ಪ್ರಾಣಿಗಳಾಗುತ್ತವೆ. ನಿಮ್ಮ ತೋಟ ಬಿಟ್ಟು ಪಕ್ಕದವರ ತೋಟಕ್ಕೆ ಹೋಗುತ್ತವೆ, ಅಷ್ಟೇ.

ಬಾಣದ ಇನ್ನೊಂದು ಅಪಾಯವನ್ನು ರೀಲ್ಸ್ ತೋರಿಸುವುದಿಲ್ಲ. ಬಾಣ ಪ್ರಾಣಿಯನ್ನು ಕೊಲ್ಲುವುದು ಒಳಗೆ ರಕ್ತಸ್ರಾವ ಮಾಡಿ. ಅದಕ್ಕೆ ಸಮಯ ಬೇಕು. ಬೆಳೆದ ಗಂಡು ಹಂದಿಯ ಭುಜದ ಮೇಲೆ ಗುರಾಣಿಯಂತೆ ದಪ್ಪನೆಯ, ಗಟ್ಟಿ ಪದರವಿರುತ್ತದೆ. ಬಾಣ ಸರಿಯಾಗಿ ನಾಟದಿದ್ದರೆ ಗಾಯಗೊಂಡ ಹಂದಿ ಪೊದೆ ಸೇರುತ್ತದೆ. ಮರುದಿನ ನಸುಕಿನಲ್ಲಿ ಅದೇ ದಾರಿಯಲ್ಲಿ ಬರುವವರು ರಬ್ಬರ್ ಟ್ಯಾಪಿಂಗ್ ಮಾಡುವವರು, ಅಡಿಕೆ ಹೆಕ್ಕುವ ಹೆಂಗಸರು, ಶಾಲೆಗೆ ಹೊರಟ ಮಕ್ಕಳು.

ಹಾಗಾದರೆ ಏನು ಮಾಡಬಹುದು?

ಬೆಳೆ ಹಾನಿಯಾದ ಕೂಡಲೇ ಫೋಟೊ ತೆಗೆದು, ಪಹಣಿ ಮತ್ತು ಬ್ಯಾಂಕ್ ಖಾತೆಯ ವಿವರದೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಪರಿಹಾರದ ಅರ್ಜಿಗಳು ‘ಇ-ಪರಿಹಾರ’ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಇಲಾಖೆಯ ಸಹಾಯವಾಣಿ 1926. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಹತ್ತು ತೋಟದವರು ಸೇರಿ, ಯಾವ ದಿನ ಎಲ್ಲಿ ಎಷ್ಟು ಹಾನಿಯಾಯಿತು ಎಂದು ಬರೆದಿಟ್ಟು 11ನೇ ಕಲಮಿನಡಿ ಕ್ರಮಕ್ಕೆ ಮನವಿ ಕೊಟ್ಟರೆ ಅಧಿಕಾರಿಗೆ ಕಾರಣ ನಮೂದಿಸಲು ಆಧಾರ ಸಿಗುತ್ತದೆ. ಹೊಸ ಸಸಿಗಳ ಸುತ್ತ ಗಟ್ಟಿ ಬೇಲಿ ಅಥವಾ ಸೋಲಾರ್ ಬೇಲಿ ಹಾಕಬಹುದು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು, ಉರುಳು ಇಡುವುದು, ಸಿಡಿಮದ್ದು ಇಡುವುದು ಬೇಡವೇ ಬೇಡ. ಅವು ಹಂದಿ ಯಾವುದು, ನಾಯಿ ಯಾವುದು, ಚಿರತೆ ಯಾವುದು, ಮನುಷ್ಯ ಯಾರು ಎಂದು ನೋಡುವುದಿಲ್ಲ.

‘ಹಂದಿ ಹೊಡೆಯಲು ಪರ್ಮಿಷನ್ ಸಿಕ್ಕಿದೆ’ ಎಂಬ ಮೆಸೇಜ್ ಇನ್ನೊಮ್ಮೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ವಿಷಯ ನೋಡಿ: ಆದೇಶ ಯಾವ ರಾಜ್ಯದ್ದು, ಯಾವ ವರ್ಷದ್ದು, ಯಾರಿಗೆ ಕೊಟ್ಟದ್ದು. ಈ ಮೂರಕ್ಕೂ ಮೆಸೇಜಿನಲ್ಲಿ ಉತ್ತರ ಇಲ್ಲದಿದ್ದರೆ ಅದನ್ನು ಗ್ರೂಪಿಗೆ ಹಾಕಬೇಡಿ. ನೇರವಾಗಿ ನಿಮ್ಮ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ.