ಲಗತ್ತಿನ ಬಾಲ ನೋಡಿ ತೆರೆಯಿರಿ



ಗುರುತಿಲ್ಲದ ಕಡೆಯಿಂದ ಬೇರು ಬಿಟ್ಟ ಮೆಣಸಿನ ಬಳ್ಳಿ ತಂದರೆ ಅದರ ಸಂಗಡ ಸೊರಗು ರೋಗವೂ ತೋಟಕ್ಕೆ ಬರಬಹುದೆಂಬುದನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇ-ಮೇಲಿನೊಡನೆ ಲಗತ್ತಾಗಿ ಬರುವ ಫೈಲಿನ ಸಂಗತಿಯೂ ಹೀಗೆಯೇ. ಅದನ್ನು ತೆರೆದಾಗ ವೈರಸ್ಸು ಕೆಲಸಕ್ಕೆ ತೊಡಗುತ್ತದೆ.

2000ದ ಮೇ ತಿಂಗಳಲ್ಲಿ 'ಐ ಲವ್ ಯೂ' ಎಂಬ ತಲೆಬರಹದ ಪತ್ರವೊಂದು ಫಿಲಿಪೈನ್ಸಿನಿಂದ ಹೊರಟು ಲಕ್ಷಾಂತರ ಕಂಪ್ಯೂಟರುಗಳಿಗೆ ತಗಲಿತು. ಲಗತ್ತಿನ ಹೆಸರಿನಲ್ಲಿ 'ಟಿಎಕ್ಸ್‌ಟಿ' ಎಂದಿದ್ದುದರಿಂದ ಜನ ಅದನ್ನು ಬರಿಯ ಬರಹವೆಂದು ತಿಳಿದರು. ಅದರ ಹಿಂದೆ 'ವಿಬಿಎಸ್' ಎಂಬ ಇನ್ನೊಂದು ಬಾಲವಿತ್ತು. ಅದು ಕಂಪ್ಯೂಟರಿಗೆ ಆಜ್ಞೆ ಕೊಡುವ ಜಾತಿಯದು. ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅವರ ಹೆಸರಿನಲ್ಲೇ ಅದೇ ಪತ್ರ ಹೋಯಿತು. ಆದ್ದರಿಂದ ಪರಿಚಯದವರು ಕಳಿಸಿದ್ದಾರೆಂದು ನಂಬಿ ತೆರೆಯತಕ್ಕದ್ದಲ್ಲ.

ಹೆಸರಿನ ಕೊನೆಯ ಚುಕ್ಕೆಯ ಮುಂದಿನ ಅಕ್ಷರಗಳನ್ನು ನೋಡಿರಿ. 'ಜೆಪಿಜಿ' ಎಂದರೆ ಚಿತ್ರ. 'ಇಎಕ್ಸ್‌ಇ', 'ವಿಬಿಎಸ್' ಇದ್ದರೆ ಮುಟ್ಟಬಾರದು. ವಿಂಡೋಸಿನಲ್ಲಿ ಈ ಬಾಲ ಸಾಮಾನ್ಯವಾಗಿ ಮರೆಯಾಗಿರುತ್ತದೆ (ಇದು ಯಾರ ಜಾಣತನವೋ!). ತಿಳಿದವರಿಂದ ಅದು ಕಾಣುವಂತೆ ಮಾಡಿಸಿಕೊಳ್ಳಿರಿ.

ಈಗ ಇದೇ ಮೋಸ ವಾಟ್ಸಾಪಿಗೂ ಬಂದಿದೆ. ಪಿಎಂ ಕಿಸಾನ್ ಪಟ್ಟಿ, ಮದುವೆಯ ಕರೆಯೋಲೆ ಎಂದು 'ಎಪಿಕೆ' ಬಾಲದ ಫೈಲು ಬರುತ್ತದೆ. ಅದು ಪಟ್ಟಿಯೂ ಅಲ್ಲ, ಕರೆಯೋಲೆಯೂ ಅಲ್ಲ, ಆಪ್. ಹಾಕಿಕೊಂಡರೆ ನಿಮ್ಮ ಓಟಿಪಿಯನ್ನು ಕಳ್ಳರಿಗೆ ಮುಟ್ಟಿಸುತ್ತದೆ. ಅಡಿಕೆ ಮಾರಿದ ಹಣ ಖಾತೆಯಲ್ಲಿರುವಾಗ ಏನಾದೀತೆಂದು ನೀವೇ ಎಣಿಸಿರಿ.

ಹಾಕಿಕೊಂಡುಬಿಟ್ಟಿದ್ದರೆ ಫೋನಿನ ಇಂಟರ್‌ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ಕೂಡಲೆ 1930ಕ್ಕೆ ಕರೆ ಮಾಡಿರಿ. ನಾಚಿಕೆಯಿಂದ ಮರುದಿನಕ್ಕೆ ತಳ್ಳಬೇಡಿರಿ.