ನೆಲದ ನಂಟಿಗೊಂದು ಕಾವಲು

ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯಲ್ಲಿ, ಯಂಕಂಚಿಯಂಥ ಊರುಗಳಲ್ಲಿ ಚಳಿಗಾಲದ ರಾತ್ರಿಗಳನ್ನು ಕಳೆದವರಿಗೆ ಒಂದು ನೋಟ ನೆನಪಿರಬಹುದು. ಎರೆಹೊಲದಲ್ಲಿ ಹಿಂಗಾರಿಯ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಬೀಸುವ ಮೂಡಗಾಳಿ ತುಟಿಯನ್ನೂ ಹಿಮ್ಮಡಿಯನ್ನೂ ಸೀಳುವಷ್ಟು ಒಣಗಿರುತ್ತದೆ. ದೀಪ ಆರಿಸಿದ ಮೇಲೆ ಹೊದ್ದ ಕಂಬಳಿಯನ್ನು ಸರಕ್ಕನೆ ಎಳೆದರೆ ಕತ್ತಲಲ್ಲಿ ಚಿಟಚಿಟನೆ ಸದ್ದು. ಸದ್ದಿನೊಡನೆ ಸಣ್ಣ ಸಣ್ಣ ನೀಲಿ ಕಿಡಿಗಳು. ಬೆಚ್ಚಿದ ಮೊಮ್ಮಗನಿಗೆ ಆಯಿ ಸಮಾಧಾನ ಹೇಳುತ್ತಾಳೆ: "ಹೆದರಬ್ಯಾಡ ತಮ್ಮಾ, ಕಂಬಳಿ ಒಣಗೇದ, ಅದಕ್ಕ ಕಿಡಿ ಉದರತಾವ."

ಆಯಿಯ ಮಾತು ವಿಜ್ಞಾನಕ್ಕೂ ಒಪ್ಪಿಗೆಯಾಗುವ ಮಾತು. ನಾನು ಇಂದು ಹೇಳಹೊರಟಿರುವುದು ಆ ಕಿಡಿಯ ಕತೆಯನ್ನೇ. ಇನ್ನೂ ಸರಿಯಾಗಿ ಹೇಳುವುದಾದರೆ, ಕಿಡಿ ಹಾರದಂತೆ ತಡೆಯುವ ಒಂದು ತಂತಿಯ ಕತೆ. ಆ ತಂತಿ ಕಡಿದಿಲ್ಲವೆಂದು ಕ್ಷಣಕ್ಷಣವೂ ನೋಡಿಕೊಳ್ಳುವ ಒಂದು ಪುಟ್ಟ ಪೆಟ್ಟಿಗೆಯ ಕತೆ. ಇಲೆಕ್ಟ್ರಾನಿಕ್ ಕೆಲಸದ ಮೇಜುಗಳ ಮೇಲಿರುವ ಈ ಪೆಟ್ಟಿಗೆಯನ್ನು ಗ್ರೌಂಡ್ ಮಾನಿಟರ್ ಎಂದು ಕರೆಯುತ್ತಾರೆ.

ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಒಂದರ ಮೇಲಿನ ಇಲೆಕ್ಟ್ರಾನುಗಳು ಅಷ್ಟಿಷ್ಟು ಇನ್ನೊಂದಕ್ಕೆ ಸರಿಯುತ್ತವೆ. ಹೀಗೆ ಕೂಡಿಕೊಂಡು, ಹರಿದುಹೋಗಲು ದಾರಿ ಕಾಣದೆ ನಿಂತ ವಿದ್ಯುತ್ತೇ ಸ್ಥಿರವಿದ್ಯುತ್ತು. ಗಾಳಿಯಲ್ಲಿ ತೇವವಿದ್ದರೆ ವಸ್ತುಗಳ ಮೈಮೇಲೆ ನೀರಿನ ತೆಳುಪದರ ಕೂತು ಅದು ಮೆಲ್ಲನೆ ಹರಿದುಹೋಗಲು ದಾರಿ ಮಾಡಿಕೊಡುತ್ತದೆ. ಗಾಳಿ ಒಣಗಿದರೆ ಆ ದಾರಿ ಮುಚ್ಚಿದಂತೆ. ರತ್ನಗಂಬಳಿಯ ಮೇಲೆ ನಡೆದವನ ಮೈಯಲ್ಲಿ ತೇವದ ದಿನ 1,500 ವೋಲ್ಟಿನಷ್ಟು ಒತ್ತಡ ಕೂಡಿದರೆ, ಬಹಳ ಒಣಗಿದ ದಿನ ಅದು 35,000 ವೋಲ್ಟಿನವರೆಗೂ ಏರಬಹುದೆಂದು ಈ ವಿಷಯದ ಕೈಪಿಡಿಗಳು ಹೇಳುತ್ತವೆ. ಮಂಗಳೂರಿನ ಕಡಲತಡಿಯಲ್ಲಿ ಕಾಣದ ಕಿಡಿ ಸಿಂದಗಿಯ ಬಯಲಿನಲ್ಲಿ ಏಕೆ ಕಾಣುತ್ತದೆಂಬುದು ಇದರಿಂದ ಅರ್ಥವಾದೀತು.

ಇಷ್ಟೊಂದು ವೋಲ್ಟ್ ಏರಿದರೂ ಮನುಷ್ಯ ಸಾಯುವುದಿಲ್ಲವೇಕೆ? ಒತ್ತಡ ಹೆಚ್ಚಾದರೂ ಅದರ ಹಿಂದಿರುವ ದಾಸ್ತಾನು ತೀರ ಕಡಿಮೆ. ನಮ್ಮ ದೇಹ ಸುಮಾರು 100 ಪಿಕೊಫ್ಯಾರಡ್ ಸಾಮರ್ಥ್ಯದ ಒಂದು ಪುಟ್ಟ ಕೆಪ್ಯಾಸಿಟರಿನಂತೆ. ಬೊಗಸೆಯಷ್ಟು ನೀರನ್ನು ಗೋಪುರದ ತುದಿಗೆ ಏರಿಸಿಟ್ಟ ಹಾಗೆ: ಎತ್ತರವುಂಟು, ಪ್ರವಾಹವಿಲ್ಲ. ಸುಮಾರು 3,000 ವೋಲ್ಟ್ ತಲುಪುವವರೆಗೆ ಕಿಡಿ ಚುಚ್ಚಿದ್ದು ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ.

ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮನುಷ್ಯನಿಗೆ 3,000 ವೋಲ್ಟಿನವರೆಗೆ ಏನೂ ಗೊತ್ತಾಗದು. ಆದರೆ ಅವನ ಕೈಯಲ್ಲಿರುವ ಚಿಪ್ಪಿಗೆ 100 ವೋಲ್ಟೂ ಮಾರಕವಾಗಬಹುದು, ಕೆಲವಕ್ಕೆ ಅದಕ್ಕಿಂತ ಕಡಿಮೆಯೂ ಸಾಕು. ಇಂದಿನ ಚಿಪ್ಪುಗಳೊಳಗೆ ಸಿಲಿಕಾನ್ ಆಕ್ಸೈಡಿನ ತೆಳುಗೋಡೆಗಳಿರುತ್ತವೆ. ಒಂದು ನ್ಯಾನೊಮೀಟರ್ ದಪ್ಪದ ಆಕ್ಸೈಡು ಹೆಚ್ಚುಕಡಿಮೆ ಒಂದು ವೋಲ್ಟನ್ನು ತಡೆಯಬಲ್ಲುದೆಂಬುದು ಸ್ಥೂಲವಾದ ಲೆಕ್ಕ. 1970ರ ಸುಮಾರಿಗೆ ಆ ಗೋಡೆ ನೂರು ನ್ಯಾನೊಮೀಟರಿನ ಆಸುಪಾಸಿನಲ್ಲಿತ್ತು. ಈಗ ಕೆಲವೇ ನ್ಯಾನೊಮೀಟರಿಗೆ ಇಳಿದಿದೆ. ಚಿಪ್ಪಿನ ಕಾಲುಗಳ ಬಳಿ ರಕ್ಷಣೆಯ ಏರ್ಪಾಡು ಇರುತ್ತದೆ, ನಿಜ. ಅದಕ್ಕೂ ಒಂದು ಮಿತಿಯಿದೆ.

ಪೆಟ್ಟು ತಿಂದ ಚಿಪ್ಪು ಕೂಡಲೆ ಸತ್ತರೆ ಅದು ಸಣ್ಣ ನಷ್ಟ. ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಬದಲಿಸಿದರಾಯಿತು. ಭಯವಿರುವುದು ಸಾಯದೆ ಗಾಯಗೊಂಡ ಚಿಪ್ಪಿನದು. ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಾರ್ಖಾನೆಯ ಬಾಗಿಲು ದಾಟುತ್ತದೆ. ವಾರವೋ ವರ್ಷವೋ ಕಳೆದ ಮೇಲೆ, ಆಸ್ಪತ್ರೆಯ ಉಸಿರಾಟದ ಯಂತ್ರದೊಳಗೋ ಕೈಗೆಟುಕದ ಉಪಗ್ರಹದೊಳಗೋ ಕೈಕೊಡುತ್ತದೆ. ಹಾಗೆ ಆದಾಗ, ಯಾವ ದಿನ ಯಾವ ಮೇಜಿನ ಮೇಲೆ ಆ ಗಾಯವಾಯಿತೆಂದು ಹೇಳಬಲ್ಲವರು ಯಾರು?

ಕನ್ನಡನಾಡಿಗೆ ಇದು ಹೊರಗಿನ ಮಾತಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಹುಟ್ಟಿದವು. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದು ಪೀಣ್ಯದ ಶೆಡ್ಡುಗಳಲ್ಲಿ. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಮುಂದೆ ಇಲೆಕ್ಟ್ರಾನಿಕ್ಸ್ ಸಿಟಿಯನ್ನು ಕಟ್ಟಿತು. ಇಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊಬೈಲ್ ಫೋನುಗಳು ಜೋಡಣೆಯಾಗುತ್ತವೆ. ಸಿಂದಗಿಯಂಥ ತಾಲ್ಲೂಕು ಊರುಗಳ ಪೇಟೆಯಲ್ಲಿ ಅವೇ ಫೋನುಗಳನ್ನು ಬಿಚ್ಚಿ ರಿಪೇರಿ ಮಾಡುವ ಅಂಗಡಿಗಳಿವೆ. ಎಲ್ಲೆಡೆಯೂ ಮೇಜು ಒಂದೇ, ಕೈ ಒಂದೇ, ಕಾಣದ ಕಿಡಿಯೂ ಒಂದೇ.

ಇದಕ್ಕೆ ಪರಿಹಾರ ಬಹಳ ಸರಳವಾದದ್ದು. ಮೈಯಲ್ಲಿ ಕೂಡುವ ವಿದ್ಯುತ್ತನ್ನು ಕೂಡಕೂಡಲೆ ನೆಲಕ್ಕೆ ಹರಿಯಬಿಡುವುದು. ಅದಕ್ಕಾಗಿ ಕೆಲಸಗಾರರು ಮುಂಗೈಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಪಟ್ಟಿಯಿಂದ ಹೊರಟ ಸುರುಳಿತಂತಿ ಮೇಜಿನ ಭೂಸಂಪರ್ಕಕ್ಕೆ ಸೇರುತ್ತದೆ. ಮೇಜಿನ ಮೇಲೆ ಹಾಸಿದ ವಿಶೇಷ ರಬ್ಬರಿನ ಹಾಸೂ ಅಲ್ಲಿಗೇ ಸೇರುತ್ತದೆ. ಮೈ, ಹಾಸು, ಉಪಕರಣ ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಒಂದರಿಂದ ಒಂದಕ್ಕೆ ಕಿಡಿ ಹಾರಲು ಕಾರಣವಿರದು.

ಆ ತಂತಿಯ ಬುಡದಲ್ಲಿ ಹತ್ತು ಲಕ್ಷ ಓಮ್‌ನ ಒಂದು ರೋಧಕ ಅಡಗಿರುತ್ತದೆ. ಹರಿಯಬಿಡಬೇಕಾದ ದಾರಿಯಲ್ಲಿ ತಡೆ ಏಕೆ ಎಂದು ಕೇಳಬಹುದು. ಅದು ಮನುಷ್ಯನ ಪ್ರಾಣಕ್ಕಾಗಿ. ನೆಲಕ್ಕೆ ಕಟ್ಟಿಕೊಂಡ ಮನುಷ್ಯನ ಕೈ ಅಕಸ್ಮಾತ್ 230 ವೋಲ್ಟಿನ ತಂತಿಗೆ ತಗುಲಿದರೆ, ಈ ದಾರಿಯಲ್ಲಿ ಮಿಲಿಆಂಪಿಯರಿನ ಕಾಲುಭಾಗದಷ್ಟೂ ವಿದ್ಯುತ್ತು ಹರಿಯದಂತೆ ರೋಧಕ ಹಿಡಿದು ನಿಲ್ಲಿಸುತ್ತದೆ. ಸ್ಥಿರವಿದ್ಯುತ್ತಿಗಾದರೋ ಅದು ಅಡ್ಡಿಯೇ ಅಲ್ಲ. ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಎಲ್ಲವೂ ಇಳಿದುಹೋಗುತ್ತದೆ. ಆದರೂ ಇದನ್ನು ನಂಬಿ ಹೆಚ್ಚು ವೋಲ್ಟಿನ ಯಂತ್ರಗಳನ್ನು, ಹಳೆಯ ಟಿ.ವಿ. ಪೆಟ್ಟಿಗೆಯ ಒಳಭಾಗವನ್ನು ವಿದ್ಯುತ್ತು ಹರಿಯುತ್ತಿರುವಾಗ ಮುಟ್ಟಲಾಗದು. ಅಲ್ಲಿ ಪಟ್ಟಿಯನ್ನು ಬಿಚ್ಚಿಡುವುದೇ ವಿವೇಕ.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ ತಂತಿಯ ಸ್ವಭಾವ. ದಿನವಿಡೀ ಬಳುಕುವ ತಂತಿ ಪಟ್ಟಿಗೆ ಸೇರುವ ಬುಡದಲ್ಲೇ ಕಡಿಯುತ್ತದೆ, ಅದೂ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇರುವಾಗ ಒಳಗೊಳಗೆ. ಪಟ್ಟಿ ಸಡಿಲವಾಗುತ್ತದೆ. ಬೆವರು ಕೊಳೆಗಳು ಅಂಟುತ್ತವೆ. ಚಳಿಗಾಲದಲ್ಲಿ ಚರ್ಮವೇ ಒಣಗಿ ಸಂಪರ್ಕ ಕೆಡುತ್ತದೆ. ಹೊರಗಣ್ಣಿಗೆ ಎಲ್ಲವೂ ಸರಿ: ಕೈಯಲ್ಲಿ ಪಟ್ಟಿಯುಂಟು, ಪಟ್ಟಿಗೆ ತಂತಿಯುಂಟು. ನೆಲದೊಡನೆ ನಂಟು ಮಾತ್ರ ಇಲ್ಲ. ಪಟ್ಟಿಯಿಲ್ಲದವನು ಎಚ್ಚರದಿಂದಾದರೂ ಇದ್ದಾನು. ಕಡಿದ ತಂತಿಯನ್ನು ನಂಬಿದವನಿಗೆ ಆ ಎಚ್ಚರವೂ ಇರದು.

ಬಹುಕಾಲದ ಪದ್ಧತಿಯೆಂದರೆ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಪಟ್ಟಿಯನ್ನೊಮ್ಮೆ ಪರೀಕ್ಷಿಸುವುದು. ಅಗ್ಗದ, ಒಳ್ಳೆಯ ಪದ್ಧತಿ. ಆದರೆ ಸೋಮವಾರ ಬೆಳಿಗ್ಗೆ ಸರಿಯಿದ್ದ ತಂತಿ ಮಂಗಳವಾರ ಬೆಳಿಗ್ಗೆ ಕಡಿದಿದೆಯೆಂದು ಕಂಡರೆ, ಸೋಮವಾರ ಆ ಕೈ ಮುಟ್ಟಿದ ಎಲ್ಲ ಪದಾರ್ಥಗಳ ಮೇಲೂ ಅನುಮಾನ ಕೂರುತ್ತದೆ. ತಂತಿ ಕಡಿದದ್ದು ಹತ್ತು ಗಂಟೆಗೋ, ಮಧ್ಯಾಹ್ನದ ಊಟದ ಮೇಲೋ, ಮನೆಗೆ ಹೊರಡುವಾಗಲೋ? ಹೇಳುವವರಿಲ್ಲ.

ಗ್ರೌಂಡ್ ಮಾನಿಟರ್ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಪಟ್ಟಿಯ ತಂತಿಯನ್ನು ನೇರವಾಗಿ ನೆಲಕ್ಕೆ ಕಟ್ಟದೆ ಈ ಪೆಟ್ಟಿಗೆಯ ಮೂಲಕ ಕಟ್ಟುತ್ತಾರೆ. ಇದರಲ್ಲಿ ಎರಡು ಬಗೆ. ಒಂದು ಬಗೆಯದು ಒಂಟಿ ತಂತಿಯನ್ನು ಬಳಸಿ, ಆ ತುದಿಯಲ್ಲಿ ಮನುಷ್ಯನ ದೇಹದಂಥ ಕೆಪ್ಯಾಸಿಟರ್ ಇದೆಯೇ ಎಂದು ಅಳೆದು ನೋಡುತ್ತದೆ. ದೇಹಗಳು ಒಂದೇ ಗಾತ್ರದವಲ್ಲವಾದುದರಿಂದ ಇದರ ತೀರ್ಪು ಒಮ್ಮೊಮ್ಮೆ ತಪ್ಪುವುದುಂಟು. ಎರಡನೆಯ ಬಗೆಯಲ್ಲಿ ಪಟ್ಟಿಯೇ ಎರಡು ಹೋಳಾಗಿದ್ದು ಒಂದೊಂದಕ್ಕೂ ಬೇರೆ ತಂತಿಯಿರುತ್ತದೆ. ಪೆಟ್ಟಿಗೆ ಒಂದು ತಂತಿಯಿಂದ ಅತ್ಯಲ್ಪ ವಿದ್ಯುತ್ತನ್ನು ಕಳುಹಿಸುತ್ತದೆ. ಅದು ಮುಂಗೈಯ ಚರ್ಮವನ್ನು ಹಾದು ಇನ್ನೊಂದು ತಂತಿಯಿಂದ ಹಿಂದಿರುಗಬೇಕು. ಹಿಂದಿರುಗಿದರೆ ಹಸಿರು ದೀಪ. ಎರಡರಲ್ಲಿ ಯಾವ ತಂತಿ ಕಡಿದರೂ, ಪಟ್ಟಿ ಸಡಿಲಿದರೂ, ಕೂಡಲೆ ಕೆಂಪು ದೀಪ ಮತ್ತು ಕೂಗು. ಒಂದು ತಂತಿ ಕಡಿದಾಗಲೂ ಇನ್ನೊಂದು ನೆಲದ ನಂಟನ್ನು ಉಳಿಸಿಕೊಂಡಿರುತ್ತದೆಂಬುದು ಇದರ ಇನ್ನೊಂದು ಗುಣ.

ತಡೆ ಹೆಚ್ಚಾದರೆ ಮಾತ್ರವಲ್ಲ, ಕಡಿಮೆಯಾದರೂ ಪೆಟ್ಟಿಗೆ ಕೂಗಬೇಕು. ಪಟ್ಟಿ ಧರಿಸಿದ ವ್ಯಕ್ತಿಯಿಂದ ನೆಲದವರೆಗಿನ ತಡೆ 3.5 ಕೋಟಿ ಓಮ್‌ನೊಳಗಿರಬೇಕೆಂದು ಇಂದಿನ ಅಂತರರಾಷ್ಟ್ರೀಯ ಮಾನಕಗಳು ವಿಧಿಸುತ್ತವೆ. ಕೆಳಗಿನ ಗಡಿಯನ್ನು ಸಾಮಾನ್ಯವಾಗಿ 7.5 ಲಕ್ಷ ಓಮ್‌ನ ಸುಮಾರಿನಲ್ಲಿಡುತ್ತಾರೆ. ಅದಕ್ಕಿಂತ ಇಳಿದರೆ ಪ್ರಾಣ ಕಾಯುವ ರೋಧಕ ಕೆಟ್ಟಿದೆಯೆಂದು ಅರ್ಥ. ಮೇಲಿನ ಗಡಿ ಚಿಪ್ಪಿನ ರಕ್ಷಣೆಗೆ, ಕೆಳಗಿನ ಗಡಿ ಮನುಷ್ಯನ ರಕ್ಷಣೆಗೆ.

ಇನ್ನು ಬಳಸುವ ಕ್ರಮ. ಮೊದಲು ಪೆಟ್ಟಿಗೆಯ ಭೂತಂತಿ ನಿಜವಾಗಿ ಭೂಮಿಗೆ ಸೇರಿದೆಯೇ ಎಂದು ಮೀಟರ್ ಹಿಡಿದು ನೋಡಬೇಕು. ಸಣ್ಣ ಊರುಗಳ ಹಳೆಯ ಕಟ್ಟಡಗಳಲ್ಲಿ ಗೋಡೆಯ ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ಥಿನ ತೂತಿಗೆ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ಬಳಿಕ ಹಾಸನ್ನು ಪೆಟ್ಟಿಗೆಗೆ ಜೋಡಿಸಬೇಕು. ಪಟ್ಟಿಯನ್ನು ಅಂಗಿಯ ತೋಳಿನ ಮೇಲಲ್ಲ, ಬರಿಯ ಚರ್ಮಕ್ಕೆ ಬಿಗಿಯಾಗಿ ಕಟ್ಟಿ ತಂತಿಯನ್ನು ಸಿಕ್ಕಿಸಬೇಕು. ಹಸಿರು ದೀಪ ಬಂದ ಮೇಲೆಯೇ ಚಿಪ್ಪಿನ ಪೊಟ್ಟಣ ಬಿಚ್ಚಬೇಕು. ಕೆಂಪು ಬಂದರೆ ಕೈಯಲ್ಲಿರುವುದನ್ನು ಹಾಸಿನ ಮೇಲಿಟ್ಟು ಕೆಲಸ ನಿಲ್ಲಿಸಬೇಕು. ಕಡೆಯದಾಗಿ, ಕಾವಲುಗಾರನಿಗೂ ಕಾವಲು ಬೇಕು: ಬೇಕೆಂದೇ ತಂತಿ ಕಳಚಿ, ಪೆಟ್ಟಿಗೆ ಕೂಗುತ್ತದೆಯೇ ಎಂದು ಆಗಾಗ ನೋಡಬೇಕು, ಗೊತ್ತಾದ ಅವಧಿಗೊಮ್ಮೆ ಅದರ ಅಳತೆಯನ್ನು ತಾಳೆನೋಡಿಸಬೇಕು.

ನೆಲವೆಂದೊಡನೆ ಮತ್ತೆ ಸಿಂದಗಿ ಸೀಮೆಯ ಎರೆಮಣ್ಣು ನೆನಪಾಗುತ್ತದೆ. ಮಳೆಯಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಕಾಲು ತೂರುವಷ್ಟು ಬಿರಿಯುವ ಮಣ್ಣದು. ಅರ್ಥಿಂಗಿನ ಗುಂಡಿಯಲ್ಲಿ ಕೊಳವೆ ನೆಟ್ಟು ಸುತ್ತ ಇದ್ದಿಲು ಉಪ್ಪು ತುಂಬುವುದು, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದು ಪಂಪ್‌ಸೆಟ್ಟಿನ ರೈತರಿಗೆ ತಿಳಿದ ವಿಷಯ. ಇಲ್ಲೊಂದು ಸೂಕ್ಷ್ಮವಿದೆ. ಗುಂಡಿ ಒಣಗಿ ಅದರ ತಡೆ ಐವತ್ತು ಓಮಿಗೆ ಏರಿದರೂ, ಹತ್ತು ಲಕ್ಷ ಓಮ್‌ನ ತಡೆಯನ್ನು ದಾಟಿ ಹರಿಯುವ ಸ್ಥಿರವಿದ್ಯುತ್ತಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಯಂತ್ರದ ಲೋಹದ ಮೈಗೆ ಮನೆಯ ವಿದ್ಯುತ್ತು ತಗುಲಿದ ದಿನ, ಫ್ಯೂಸ್ ಹಾರುವಷ್ಟು ಪ್ರವಾಹ ಹರಿಯದೆ ಆ ಐವತ್ತು ಓಮೇ ಪ್ರಾಣಕ್ಕೆ ಎರವಾದೀತು. ಮಾನಿಟರಿನ ಹಸಿರು ದೀಪ ಗುಂಡಿಗೆ ಹಾಕುವ ನೀರಿಗೆ ಬದಲಾಗಲಾರದು.

ಹಸಿರು ದೀಪ ಹೇಳದ ಸಂಗತಿಗಳು ಇನ್ನೂ ಇವೆ. ಮೇಜಿನ ಮೇಲೆ ಮರೆತ ಪ್ಲಾಸ್ಟಿಕ್ ಲೋಟ, ಪಾಲಿಥಿನ್ ಚೀಲ, ಉಟ್ಟ ಪಾಲಿಯೆಸ್ಟರ್ ಸೀರೆಯ ಸೆರಗು, ಇವುಗಳಲ್ಲಿ ಕೂಡಿದ ವಿದ್ಯುತ್ತು ಮುಂಗೈಯ ತಂತಿಯಿಂದ ಇಳಿಯದು. ಅವನ್ನು ದೂರವಿಡಬೇಕು; ಬಟ್ಟೆಯ ಮೇಲೆ ವಾಹಕ ಎಳೆಗಳಿರುವ ಮೇಲಂಗಿ ತೊಡಬೇಕು.

ಈ ಪೆಟ್ಟಿಗೆಯನ್ನು ಕೆಲಸಗಾರರು ತಮ್ಮ ಮೇಲಿನ ಗೂಢಚಾರನೆಂದು ಬಗೆಯುವುದುಂಟು. ಕೂಗು ಹಾಕಿದರೆ ಮೇಸ್ತ್ರಿ ತಿರುಗಿ ನೋಡುತ್ತಾನೆ, ಕೆಲಸ ನಿಲ್ಲುತ್ತದೆ, ಎಣಿಕೆ ತಪ್ಪುತ್ತದೆ. ಅದಕ್ಕಾಗಿ ಪೆಟ್ಟಿಗೆಯ ಬಾಯಿಗೊಂದು ರೋಧಕವನ್ನು ಸಿಕ್ಕಿಸಿ ಅದನ್ನು ಸುಮ್ಮನಾಗಿಸುವ ಜಾಣತನವೂ ಉಂಟು. ಕೂಗಿದವರನ್ನು ಗದರುವ ಕಡೆ ಆ ಜಾಣತನ ಹುಟ್ಟದೆ ಇರದು. ತಪ್ಪು ಕೆಲಸಗಾರರದಷ್ಟೇ ಅಲ್ಲ. ವಿಚಾರ ಮಾಡಿದರೆ ಈ ಪೆಟ್ಟಿಗೆ ಅವರ ಪರವಾದ ಸಾಕ್ಷಿ. ಎಂದೋ ಎಲ್ಲೋ ಯಂತ್ರ ಕೆಟ್ಟು, ಜೋಡಿಸಿದ ಕೈ ಯಾರದೆಂದು ವಿಚಾರಣೆ ನಡೆದಾಗ, ಈ ಕೈ ಆ ದಿನವಿಡೀ ನೆಲದ ನಂಟು ಬಿಟ್ಟಿರಲಿಲ್ಲವೆಂದು ಹೇಳಬಲ್ಲದ್ದು ಅದೊಂದೇ. ಕೂಗಿದ್ದಕ್ಕೆ ಕೆಲಸಗಾರ್ತಿಯನ್ನು ಗದರದೆ, ಕೂಗಿದಾಗ ಕೈ ನಿಲ್ಲಿಸಿದ್ದಕ್ಕೆ ಮೆಚ್ಚುವ ಕಡೆ ಮಾತ್ರ ಈ ಯಂತ್ರ ತನ್ನ ಕೆಲಸ ಮಾಡೀತು.

ಕಂಬಳಿಯ ಕಿಡಿಯನ್ನು ಆಯಿ ಕಣ್ಣಾರೆ ಕಂಡಿದ್ದಳು, ಅದಕ್ಕೇ ಹೆದರಬೇಡವೆಂದಳು. ನಮ್ಮ ಕಾಲದ ಕಿಡಿ ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಬೆರಳಿಗೂ ತಿಳಿಯದು. ತಿಳಿಯದ್ದನ್ನು ತಿಳಿಸಲೆಂದು ಒಂದು ದೀಪವನ್ನಿಟ್ಟುಕೊಂಡಿದ್ದೇವೆ. ಅದು ಕೆಂಪಾದಾಗ ಕೈ ನಿಲ್ಲಿಸುವ ಅಭ್ಯಾಸವನ್ನು ಮಾತ್ರ ನಾವೇ ರೂಢಿಸಿಕೊಳ್ಳಬೇಕು.