ವಜ್ರವನ್ನು ಆರಿಸುವ ಬಗೆ

ನಮ್ಮ ಮಲೆನಾಡಿನ ಮನೆಗಳಲ್ಲಿ ಒಡವೆಯೆಂಬುದು ಅಲಂಕಾರ ಮಾತ್ರವಲ್ಲ. ಅದು ಆಪತ್ಕಾಲದ ಗಂಟು, ತಾಯಿ ಮಗಳಿಗೆ ಒಪ್ಪಿಸುವ ಸ್ತ್ರೀಧನ, ಮನೆತನದ ನೆನಪು. ಮದುವೆಯ ಕಾಲದಲ್ಲಿ ಶಿವಮೊಗ್ಗೆಯ ಗಾಂಧಿ ಬಜಾರಿನ ಚಿನ್ನಬೆಳ್ಳಿಯ ಅಂಗಡಿಗಳಲ್ಲಿ ನೆರೆಯುವ ಸಂಸಾರಗಳನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತೀರ್ಥಹಳ್ಳಿ, ಸಾಗರ, ಹೊಸನಗರಗಳ ಅಡಿಕೆಯ ಬೆಳೆಗಾರರೂ, ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು ಕೂಡಿಟ್ಟವರೂ ಅಲ್ಲಿಗೆ ಬರುವುದುಂಟು. ಚಿನ್ನದ ವಿಷಯದಲ್ಲಿ ಇವರು ಸುಲಭವಾಗಿ ಮೋಸಹೋಗತಕ್ಕವರಲ್ಲ. ದಿನದ ಧಾರಣೆ ಇವರಿಗೆ ಗೊತ್ತು. ತೂಕದ ಮೇಲೆ ಕಣ್ಣಿಟ್ಟಿರುತ್ತಾರೆ. ಕೂಲಿ ಎಷ್ಟು, ವೇಸ್ಟೇಜು ಎಷ್ಟು ಎಂದು ಚರ್ಚಿಸಬಲ್ಲರು. ಆದರೆ ವಜ್ರದ ಓಲೆಯ ಪೆಟ್ಟಿಗೆಯನ್ನು ಮುಂದೆ ತೆರೆದಿಟ್ಟ ಕೂಡಲೆ ಇದೇ ಗೃಹಸ್ಥರು ಮೌನವಾಗಿಬಿಡುತ್ತಾರೆ. ಹೊಳೆಯುತ್ತಿದೆ, ಆದುದರಿಂದ ಒಳ್ಳೆಯದಿರಬೇಕು. ಬೆಲೆ ಹೆಚ್ಚು, ಆದುದರಿಂದ ಇನ್ನೂ ಒಳ್ಳೆಯದಿರಬೇಕು ಎಂದು ಸಮಾಧಾನ ತಂದುಕೊಂಡು ಹಣವನ್ನು ಎಣಿಸಿ ಕೊಡುತ್ತಾರೆ. ವಜ್ರಕ್ಕೂ ಅಳತೆಗಳುಂಟು. ಅವು ಪರೀಕ್ಷಕರ ಗುಟ್ಟೇನೂ ಅಲ್ಲ. ಅವನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಮೊದಲು ವಜ್ರವೆಂದರೇನೆಂಬುದನ್ನು ನೋಡೋಣ. ಭದ್ರಾವತಿಯವರಿಗೆ ಇದನ್ನು ತಿಳಿಸುವುದು ಸುಲಭ. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ಮೈಸೂರು ಸರ್ಕಾರವು ೧೯೧೮ರಲ್ಲಿ ಸ್ಥಾಪಿಸಿ, ೧೯೨೩ರಲ್ಲಿ ಕಬ್ಬಿಣವನ್ನು ತಯಾರಿಸತೊಡಗಿದ ಕಾರ್ಖಾನೆಯ ಕುಲುಮೆ ಮೊದಲು ಉರಿದದ್ದು ಕಲ್ಲಿದ್ದಲಿನಿಂದಲ್ಲ. ಮಲೆನಾಡಿನ ಕಾಡುಮರವನ್ನು ಸುಟ್ಟು ಮಾಡಿದ ಇದ್ದಿಲಿನಿಂದ. ಆ ಇದ್ದಿಲಿನಲ್ಲಿ ಮುಖ್ಯವಾಗಿರುವ ಇಂಗಾಲವೆಂಬ ಮೂಲವಸ್ತುವೇ ವಜ್ರದಲ್ಲಿಯೂ ಇರುವುದು. ವಜ್ರವು ಉರಿದುಹೋಗತಕ್ಕ ವಸ್ತುವೆಂದು ಫ್ರಾನ್ಸಿನ ಲವಾಸಿಯೇ ೧೭೭೨ರಲ್ಲಿ ತೋರಿಸಿದನು. ಅದು ಶುದ್ಧ ಇಂಗಾಲವೇ ಎಂಬುದನ್ನು ಇಂಗ್ಲೆಂಡಿನ ಸ್ಮಿತ್ಸನ್ ಟೆನಂಟನು ೧೭೯೭ರಲ್ಲಿ ಸಿದ್ಧಪಡಿಸಿದನು. ಇದ್ದಿಲಿನಲ್ಲಿ ಪರಮಾಣುಗಳು ಕ್ರಮವಿಲ್ಲದೆ ಸೇರಿಕೊಂಡಿವೆ. ವಜ್ರದಲ್ಲಿ ಭೂಗರ್ಭದ ಒತ್ತಡ ಮತ್ತು ಕಾವುಗಳಿಗೆ ಸಿಕ್ಕಿ ಒಂದೇ ಕ್ರಮದಲ್ಲಿ ಬಿಗಿಯಾಗಿ ನಿಂತಿವೆ. ಮೌಲ್ಯವಿರುವುದು ವಸ್ತುವಿನಲ್ಲಲ್ಲ, ಅದರ ಕಟ್ಟಡದಲ್ಲಿ.

ಚಿನ್ನಕ್ಕೂ ವಜ್ರಕ್ಕೂ ಇರುವ ದೊಡ್ಡ ಭೇದವೂ ಇದರಿಂದಲೇ ಹುಟ್ಟಿದೆ. ಒಂದೇ ಶುದ್ಧತೆಯ ಹತ್ತು ಗ್ರಾಮ್ ಚಿನ್ನವು ಶಿವಮೊಗ್ಗೆಯಲ್ಲಿಯೂ ಅದೇ, ಮುಂಬಯಿಯಲ್ಲಿಯೂ ಅದೇ. ಕರಗಿಸಿದರೆ ಒಂದಕ್ಕೊಂದು ಬೆರೆತುಹೋಗುತ್ತದೆ. ಆದರೆ ಎರಡು ವಜ್ರಗಳು ಒಂದೇ ತೂಕದವಾದರೂ ಸಮಾನವಲ್ಲ; ಒಂದರ ಬೆಲೆ ಇನ್ನೊಂದರ ಬೆಲೆಗಿಂತ ಹಲವು ಪಾಲು ಹೆಚ್ಚಿರಬಹುದು. ಆದಕಾರಣ ‘ವಜ್ರದ ಧಾರಣೆ ಎಷ್ಟು?’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ‘ಈ ಕಲ್ಲಿನ ಗುಣವೇನು?’ ಎಂದೇ ಕೇಳಬೇಕು.

ಹೀಗೆ ಒಂದೊಂದು ಕಲ್ಲನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ನಮಗೆ ಹೊಸ ವಿದ್ಯೆಯೇನಲ್ಲ. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್ ದೇಶದ ಗಣಿಗಳು ತೆರೆಯುವವರೆಗೆ ಪ್ರಪಂಚಕ್ಕೆ ವಜ್ರವನ್ನು ಕೊಟ್ಟದ್ದು ಬಹುಮಟ್ಟಿಗೆ ಭಾರತವೇ. ಅದರಲ್ಲಿಯೂ ಕೃಷ್ಣಾನದಿಯ ಕಣಿವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಬೊಕ್ಕಸದ ಪ್ರಸ್ತಾಪ ಬಂದಾಗ ರತ್ನಪರೀಕ್ಷೆಯೂ ಬಂದಿದೆ. ಹಳೆಯ ರತ್ನಶಾಸ್ತ್ರಗಳು ಆರು ಕೋಟಿ, ಎಂಟು ಮುಖ, ಹನ್ನೆರಡು ಅಂಚುಗಳುಳ್ಳ ವಜ್ರವನ್ನು ಶ್ರೇಷ್ಠವೆಂದು ಎಣಿಸಿದುವು. ಇಂದಿನ ಶಾಸ್ತ್ರಜ್ಞರು ವಜ್ರದ ಸಹಜವಾದ ಹರಳಿನ ಆಕಾರವೆಂದು ಹೇಳುವುದೂ ಇದನ್ನೇ. ಮಲ, ಬಿಂದು, ರೇಖೆ, ಯವ, ಕಾಕಪದ ಎಂಬ ದೋಷಗಳನ್ನು ಅವು ಹೆಸರಿಟ್ಟು ಎಣಿಸಿದುವು. ಹೊಳಪಿಗೆ ಮರುಳಾಗದೆ ದೋಷವನ್ನು ಹುಡುಕುವ ಈ ವಿವೇಕವೇ ಇಂದಿನ ಪರೀಕ್ಷೆಗೂ ತಳಹದಿ.

ಇಂದು ವಜ್ರವನ್ನು ನಾಲ್ಕು ಗುಣಗಳಿಂದ ಅಳೆಯುತ್ತಾರೆ: ತೂಕ, ಬಣ್ಣ, ನಿರ್ಮಲತೆ, ಸಾಣೆ.

ತೂಕದ ಮಾನ ಕ್ಯಾರಟ್. ಚಿನ್ನದ ಶುದ್ಧತೆಯನ್ನು ಹೇಳುವ ಕ್ಯಾರಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮವರು ಗುಲಗಂಜಿಯಿಂದ ತೂಗಿದಂತೆ ಪಶ್ಚಿಮದವರು ಕ್ಯಾರಬ್ ಎಂಬ ಮರದ ಬೀಜದಿಂದ ತೂಗುತ್ತಿದ್ದರು. ಹೆಸರು ಅಲ್ಲಿಂದ ಬಂದದ್ದು. ೧೯೦೭ರಲ್ಲಿ ಒಂದು ಕ್ಯಾರಟ್ಟೆಂದರೆ ೨೦೦ ಮಿಲಿಗ್ರಾಮ್ ಎಂದು ನಿಷ್ಕರ್ಷೆಯಾಯಿತು. ಅದರ ನೂರನೆಯ ಒಂದು ಪಾಲಿಗೆ ಅಂಗಡಿಗಳಲ್ಲಿ ಸೆಂಟು ಎನ್ನುತ್ತಾರೆ. ಇಲ್ಲಿ ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ದೊಡ್ಡ ಕಲ್ಲು ಅಪರೂಪವಾದುದರಿಂದ ತೂಕ ಹೆಚ್ಚಿದಂತೆ ಕ್ಯಾರಟ್ಟಿನ ದರವೂ ಏರುತ್ತದೆ. ಗುಣ ಒಂದೇ ಆಗಿದ್ದರೆ ಒಂದು ಕ್ಯಾರಟ್ಟಿನ ಒಂಟಿ ಕಲ್ಲಿಗೆ ಅರ್ಧ ಕ್ಯಾರಟ್ಟಿನ ಎರಡು ಕಲ್ಲುಗಳಿಗಿಂತ ಬಹಳ ಹೆಚ್ಚು ಬೆಲೆ. ಏಳು ಕಲ್ಲಿನ ಓಲೆಯ ಒಂದು ಜೊತೆಯಲ್ಲಿ ಹದಿನಾಲ್ಕು ಕಲ್ಲುಗಳಿರುತ್ತವೆ. ಒಂದೊಂದೂ ಏಳು ಸೆಂಟಾದರೆ ಒಟ್ಟು ತೂಕ ೯೮ ಸೆಂಟು. ಅದನ್ನು ‘ಒಂದು ಕ್ಯಾರಟ್ಟಿನ ಓಲೆ’ ಎಂದರೆ ಸುಳ್ಳೇನೂ ಆಗದು. ಆದರೆ ಅದರ ಬೆಲೆಯನ್ನು ಒಂದು ಕ್ಯಾರಟ್ಟಿನ ಒಂಟಿ ಕಲ್ಲಿನ ದರದಿಂದ ಲೆಕ್ಕಹಾಕುವುದು ಸರ್ವಥಾ ತಪ್ಪು. ಆದುದರಿಂದ ಒಟ್ಟು ತೂಕದೊಡನೆ ಕಲ್ಲುಗಳ ಎಣಿಕೆಯನ್ನೂ ಬರೆಯಿಸಿಕೊಳ್ಳತಕ್ಕದ್ದು.

ಎರಡನೆಯದು ಬಣ್ಣ. ಸಾಮಾನ್ಯವಾದ ಬಿಳಿಯ ವಜ್ರದಲ್ಲಿ ಬಣ್ಣ ಕಡಿಮೆಯಾದಷ್ಟೂ ಬೆಲೆ ಹೆಚ್ಚು. ೧೯೩೧ರಲ್ಲಿ ಸ್ಥಾಪಿತವಾದ ಅಮೆರಿಕದ ರತ್ನಶಾಸ್ತ್ರ ಸಂಸ್ಥೆಯು ೧೯೫೩ರಲ್ಲಿ ಬಳಕೆಗೆ ತಂದ ಕ್ರಮವೇ ಈಗ ಬಹುಪಾಲು ಎಲ್ಲೆಡೆಯಲ್ಲಿಯೂ ನಡೆಯುತ್ತಿದೆ. ಹಿಂದಿನ ವ್ಯಾಪಾರಿಗಳು ಎ, ಬಿ, ಸಿ ಎಂಬ ಅಕ್ಷರಗಳನ್ನು ಮನಬಂದಂತೆ ಬಳಸುತ್ತಿದ್ದುದರಿಂದ ಆ ಗೊಂದಲ ಬೇಡವೆಂದು ಇದು ಡಿ ಅಕ್ಷರದಿಂದ ಮೊದಲಾಗುತ್ತದೆ. ಡಿ, ಇ, ಎಫ್ ಎಂಬುವು ಬಣ್ಣವಿಲ್ಲದ ಕಲ್ಲುಗಳು. ಜಿ ಇಂದ ಜೆ ವರೆಗಿನವು ಬಹುಮಟ್ಟಿಗೆ ಬಣ್ಣವಿಲ್ಲದವು. ಅಲ್ಲಿಂದ ಝಡ್ ವರೆಗೆ ಹಳದಿಯ ಛಾಯೆ ಹೆಚ್ಚುತ್ತ ಹೋಗುತ್ತದೆ. ಹಳದಿ ಚಿನ್ನದಲ್ಲಿ ಕೂರಿಸುವ ಕಲ್ಲಿಗೆ ಡಿ ದರ್ಜೆಯ ಬೆಲೆಯನ್ನು ತೆರುವುದು ಅನಗತ್ಯ. ಚಿನ್ನದ ಛಾಯೆಯೇ ಕಲ್ಲಿನೊಳಗೆ ಪ್ರತಿಬಿಂಬಿಸುವುದರಿಂದ ಎಚ್ ಅಥವಾ ಐ ದರ್ಜೆಯ ಕಲ್ಲೂ ಕಿವಿಯಲ್ಲಿ ಬೆಳ್ಳಗೇ ಕಾಣುವುದು.

ಬಣ್ಣವನ್ನು ಅಂಗಡಿಯ ದೀಪಗಳ ಕೆಳಗೆ ನಿರ್ಣಯಿಸಬಾರದು. ಆ ದೀಪಗಳಿರುವುದೇ ಎಲ್ಲವನ್ನೂ ಹೊಳೆಯಿಸುವುದಕ್ಕೆ. ಕಲ್ಲನ್ನು ಬಿಳಿಯ ಕಾಗದದ ಮೇಲೆ ಮಗುಚಿಟ್ಟು ಕಿಟಕಿಯ ಬಳಿ ಪಕ್ಕದಿಂದ ನೋಡಬೇಕು. ನಮ್ಮ ಮಳೆಗಾಲದ ಮೋಡದ ಬೆಳಕು ಈ ಕೆಲಸಕ್ಕೆ ಬಹಳ ಚೆನ್ನ. ಕೆಲವು ಕಲ್ಲುಗಳು ಬಿಸಿಲಿನಲ್ಲಿ ನಸುನೀಲಿಯಾಗಿ ಹೊಳೆಯುತ್ತವೆ. ಅವನ್ನು ದಕ್ಷಿಣದೇಶದ ವ್ಯಾಪಾರಿಗಳು ಬ್ಲೂ ಜಾಗರ್ ಎಂದು ಕೊಂಡಾಡುವುದುಂಟು. ಆ ಹೆಸರು ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದದ್ದು. ಇಂತಹ ಕಲ್ಲು ಹಗಲಿನಲ್ಲಿ ಬೆಳ್ಳಗೆ ಕಂಡು, ರಾತ್ರಿ ದೀಪದಲ್ಲಿ ಹಳದಿಗೆ ತಿರುಗಬಹುದು. ಆದುದರಿಂದ ಎರಡು ಬೆಳಕುಗಳಲ್ಲಿಯೂ ನೋಡಿದ ಹೊರತು ಒಪ್ಪಬಾರದು.

ಮೂರನೆಯದು ನಿರ್ಮಲತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಕಲ್ಲಿನ ಒಳಗಿನ ಚುಕ್ಕೆ, ಗೆರೆ, ಬಿರುಕುಗಳನ್ನು ನೋಡಿ ದರ್ಜೆ ಕಟ್ಟುತ್ತಾರೆ. ಏನೂ ಕಾಣದುದು ದೋಷರಹಿತ. ಪರಿಣತನಿಗೂ ಕಷ್ಟದಿಂದ ಕಾಣುವುದು ವಿ.ವಿ.ಎಸ್.; ಅದಕ್ಕಿಂತ ಸುಲಭವಾಗಿ ಕಾಣುವುದು ವಿ.ಎಸ್.; ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡರೂ ಬರಿಗಣ್ಣಿಗೆ ಸಾಧಾರಣವಾಗಿ ಕಾಣದುದು ಎಸ್.ಐ.; ಬರಿಗಣ್ಣಿಗೂ ಕಾಣಬಹುದಾದುದು ಐ. ಏಳು ಸೆಂಟಿನ ಕಲ್ಲಿನಲ್ಲಿ ವಿ.ವಿ.ಎಸ್. ಯಾವುದು, ವಿ.ಎಸ್. ಯಾವುದು ಎಂದು ಮದುವೆಮನೆಯಲ್ಲಿ ಎದುರು ಕುಳಿತ ನೆಂಟರು ಹೇಳಲಾರರು. ಈ ಗುಣಕ್ಕಾಗಿ ಹಣವನ್ನು ಸುರಿಯುವುದಕ್ಕಿಂತ, ಅಂಚಿನವರೆಗೆ ಬಿರುಕು ಬಂದಿಲ್ಲವೆಂಬುದನ್ನು ನೋಡಿಕೊಳ್ಳುವುದು ಮೇಲು. ಏಕೆಂದರೆ ಅಂತಹ ಕಲ್ಲು ಪೆಟ್ಟು ಬಿದ್ದರೆ ಒಡೆಯಬಹುದು. ವಜ್ರವು ಗೀಚಿಗೆ ಜಗ್ಗದು, ಪೆಟ್ಟಿಗೆ ಜಗ್ಗುತ್ತದೆ. ಸುತ್ತಿಗೆಯಿಂದ ಹೊಡೆದು ನಿಜವಜ್ರವನ್ನು ಪರೀಕ್ಷಿಸಬೇಕೆಂಬ ಹಳೆಯ ಮಾತನ್ನು ಯಾರೂ ನಂಬಬಾರದು.

ನಾಲ್ಕನೆಯದು ವ್ಯಾಪಾರಿಗಳು ಕಟಿಂಗು ಎನ್ನುವ ಸಾಣೆಯ ಕೆಲಸ. ಉಳಿದ ಮೂರು ಗುಣಗಳು ಪ್ರಕೃತಿ ಕೊಟ್ಟವು. ಇದೊಂದು ಮನುಷ್ಯನ ಕೈಯದು. ಆದರೂ ನಮ್ಮ ಗೃಹಸ್ಥರು ಬಹಳ ಕಡಿಮೆ ಕೇಳುವುದು ಇದನ್ನೇ. ದುಂಡುವಜ್ರಕ್ಕೆ ಸಾಧಾರಣವಾಗಿ ೫೭ ಅಥವಾ ೫೮ ಮುಖಗಳನ್ನು ತೀಡುತ್ತಾರೆ. ಆ ಮುಖಗಳ ಕೋನಗಳು ಸರಿಯಿದ್ದರೆ ಮೇಲಿನಿಂದ ಹೊಕ್ಕ ಬೆಳಕು ಒಳಗೆ ತಿರುಗಿ ಮತ್ತೆ ಮೇಲಕ್ಕೇ ಬರುತ್ತದೆ. ಕಲ್ಲು ತೀರ ಆಳವಾದರೆ ಅಥವಾ ತೀರ ಚಪ್ಪಟೆಯಾದರೆ ಬೆಳಕು ಕೆಳಗೆ ಸೋರಿಹೋಗುತ್ತದೆ. ಈ ಕೋನಗಳ ಗಣಿತವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬಾತನು ೧೯೧೯ರಲ್ಲಿ ಪ್ರಕಟಿಸಿದನು. ತೂಕವನ್ನು ಉಳಿಸುವ ಆಸೆಯಿಂದ ತಳವನ್ನು ದಪ್ಪವಾಗಿ ಬಿಟ್ಟ ಕಲ್ಲು ತಕ್ಕಡಿಯಲ್ಲಿ ದೊಡ್ಡದು, ಕಿವಿಯಲ್ಲಿ ಚಿಕ್ಕದು. ಸರಿಯಾಗಿ ತೀಡಿದ ಒಂದು ಕ್ಯಾರಟ್ಟಿನ ದುಂಡುಕಲ್ಲು ಸುಮಾರು ಆರೂವರೆ ಮಿಲಿಮೀಟರ್ ಅಗಲವಿರುವುದು. ಹಣ ಮಿತವಾಗಿದ್ದರೆ ಬಣ್ಣದಲ್ಲಿ ಒಂದು ಮೆಟ್ಟಿಲು, ನಿರ್ಮಲತೆಯಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಸಾಣೆಯಲ್ಲಿ ಮಾತ್ರ ಇಳಿಯಬೇಡಿರಿ ಎಂಬುದು ನಮ್ಮ ಸಲಹೆ.

ಈಗ ನಿಜವಜ್ರವೋ ಅಲ್ಲವೋ ಎಂಬ ಪ್ರಶ್ನೆ. ಅಮೆರಿಕನ್ ಡೈಮಂಡ್ ಎಂಬ ಹೆಸರಿನಿಂದ ಮಾರುವ ಕಲ್ಲು ವಜ್ರವೇ ಅಲ್ಲ. ಅದು ಜಿರ್ಕೋನಿಯಾ ಎಂಬ ಬೇರೆ ವಸ್ತು, ಅದೇ ಗಾತ್ರದ ವಜ್ರಕ್ಕಿಂತ ಬಹಳ ಭಾರ. ಮೊಯ್ಸನೈಟ್ ಎಂಬುದು ಇನ್ನೊಂದು. ಶಾಖವನ್ನು ಅಳೆಯುವ ಪರೀಕ್ಷೆಯ ಲೇಖನಿಯನ್ನೂ ಅದು ವಂಚಿಸಬಲ್ಲದು. ಇವೆರಡಕ್ಕಿಂತ ಬೇರೆಯಾದುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರ. ೧೯೫೪ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಇದನ್ನು ಸಾಧಿಸಿದರು. ಇಂದು ನಮ್ಮ ಸೂರತ್ತಿನಲ್ಲಿಯೂ ಬೆಳೆಸುತ್ತಾರೆ. ಇದು ನಕಲಿಯಲ್ಲ, ಶುದ್ಧ ಇಂಗಾಲವೇ. ಬರಿಗಣ್ಣಿನಿಂದ ಗಣಿಯ ವಜ್ರಕ್ಕೂ ಇದಕ್ಕೂ ಭೇದವನ್ನು ಕಾಣಲಾಗದು. ಆದರೆ ಬೇಕಾದಷ್ಟು ಬೆಳೆಸಬಹುದಾದುದರಿಂದ ಇದರ ಬೆಲೆ ಬಹಳ ಇಳಿದಿದೆ. ತಿಳಿದು ಕೊಳ್ಳುವವರಿಗೆ ಇದರಿಂದ ಹಾನಿಯಿಲ್ಲ; ತಿಳಿಯದೆ ಗಣಿಯ ವಜ್ರದ ಬೆಲೆಯನ್ನು ಕೊಟ್ಟವರಿಗೆ ದೊಡ್ಡ ನಷ್ಟ. ಇದನ್ನು ಗುರುತಿಸುವುದಕ್ಕೆ ಪ್ರಯೋಗಶಾಲೆಯೇ ಬೇಕು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರನ್ನು ಕೇಳಿರಿ: ಉಕ್ಕಿನಲ್ಲಿ ಇಂಗಾಲವೆಷ್ಟೆಂಬುದನ್ನು ಕಣ್ಣಂದಾಜಿನಿಂದ ಹೇಳುವುದಿಲ್ಲ, ಪರೀಕ್ಷೆ ಮಾಡಿ ಬರೆದಿಡುತ್ತಾರೆ. ವಜ್ರಕ್ಕೂ ಅದೇ ನ್ಯಾಯ. ಸ್ವತಂತ್ರ ಸಂಸ್ಥೆಯ ಪತ್ರವನ್ನು ಕೇಳಬೇಕು. ದೊಡ್ಡ ಕಲ್ಲುಗಳ ಅಂಚಿನಲ್ಲಿ ಆ ಪತ್ರದ ಸಂಖ್ಯೆಯನ್ನು ಸೂಕ್ಷ್ಮವಾಗಿ ಕೆತ್ತಿರುವುದುಂಟು, ಅದನ್ನು ಹೋಲಿಸಿ ನೋಡಬೇಕು. ಅಂಗಡಿಯವರೇ ಬರೆದುಕೊಟ್ಟ ಚೀಟಿ ವ್ಯಾಪಾರಿಯ ಮಾತೇ ಹೊರತು ಪರೀಕ್ಷೆಯಲ್ಲ.

ಇಲ್ಲಿಯೇ ಅನೇಕರು ಎಡವುತ್ತಾರೆ. ಒಡವೆಯ ಮೇಲೆ ಹಾಲ್‌ಮಾರ್ಕ್ ಮುದ್ರೆಯಿದೆಯಲ್ಲ, ಇನ್ನೇನು ಭಯ ಎಂದು ಅವರ ನಂಬಿಕೆ. ಭಾರತೀಯ ಮಾನಕ ಬ್ಯೂರೋವಿನ ಈ ಮುದ್ರೆಯು ೨೦೨೧ರ ಜೂನ್ ತಿಂಗಳಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಬ್ಯೂರೋವಿನ ಚಿಹ್ನೆ, ಶುದ್ಧತೆಯ ಅಂಕ, ಆರು ಅಕ್ಷರಾಂಕಗಳ ಗುರುತು ಈ ಮೂರೂ ಅದರಲ್ಲಿರಬೇಕು. ೯೧೬ ಎಂದರೆ ಇಪ್ಪತ್ತೆರಡು ಕ್ಯಾರಟ್, ೭೫೦ ಎಂದರೆ ಹದಿನೆಂಟು ಕ್ಯಾರಟ್. ವಜ್ರದ ಒಡವೆಗೆ ಹದಿನೆಂಟು ಕ್ಯಾರಟ್ಟಿನ ಚಿನ್ನವನ್ನು ಬಳಸುವುದು ಕಲ್ಲಿನ ಹಿಡಿತ ಗಟ್ಟಿಯಾಗಿರಲೆಂದು. ಅದರಲ್ಲಿ ಮೋಸವಿಲ್ಲ, ಬೆಲೆಯನ್ನು ಮಾತ್ರ ಹದಿನೆಂಟರ ದರದಿಂದಲೇ ಕಟ್ಟಬೇಕು. ಆದರೆ ಈ ಮುದ್ರೆ ಸಾಕ್ಷಿ ಹೇಳುವುದು ಚಿನ್ನಕ್ಕೆ ಮಾತ್ರ; ಕಲ್ಲಿನ ವಿಷಯದಲ್ಲಿ ಅದು ಒಂದು ಮಾತನ್ನೂ ಆಡುವುದಿಲ್ಲ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಅದು ಕಡ್ಡಾಯವೂ ಅಲ್ಲ. ನಮ್ಮ ಮೂಗುಬೊಟ್ಟುಗಳು ಅನೇಕವಾಗಿ ಈ ಗುಂಪಿಗೇ ಸೇರುವುವು.

ಇನ್ನು ಆಪತ್ಕಾಲದ ಮಾತು. ಮಗನ ವಿದ್ಯಾಭ್ಯಾಸಕ್ಕೋ ಮನೆಯವರ ಕಾಯಿಲೆಗೋ ಒಡವೆಯನ್ನು ಅಡವಿಡುವ ಪ್ರಸಂಗ ಬಂದರೆ ಬ್ಯಾಂಕಿನವರು ಕಲ್ಲಿನ ತೂಕವನ್ನು ಕಳೆದು ಚಿನ್ನಕ್ಕೆ ಮಾತ್ರ ಸಾಲ ಕೊಡುತ್ತಾರೆ. ಮಾರಹೋದರೆ ಕಲ್ಲಿಗೆ ಕೊಟ್ಟ ಹಣ ಪೂರ್ತಿಯಾಗಿ ಹಿಂದಿರುಗುವುದು ಅಪರೂಪ. ಆದುದರಿಂದ ಆಪತ್ತಿಗೆಂದು ಕೂಡಿಸುವ ಹಣವನ್ನು ಕಲ್ಲಿನಲ್ಲಿ ತೊಡಗಿಸಬಾರದು. ಸಂತೋಷಕ್ಕೆಂದು ಮೀಸಲಿಟ್ಟ ಹಣದಿಂದ ಮಾತ್ರ ವಜ್ರವನ್ನು ಕೊಳ್ಳಬೇಕು. ಈ ಎರಡು ಗಂಟುಗಳನ್ನು ಬೆರೆಸದಿರುವ ಸಂಸಾರಕ್ಕೆ ವಜ್ರದಿಂದ ಪಶ್ಚಾತ್ತಾಪವಿಲ್ಲ.

ಕೊಳ್ಳುವಾಗ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಮತ್ತು ಶುದ್ಧತೆ, ಕಲ್ಲುಗಳ ಎಣಿಕೆ, ತೂಕ, ಬಣ್ಣ, ನಿರ್ಮಲತೆ, ಗಣಿಯದೋ ಬೆಳೆಸಿದುದೋ ಎಂಬ ಮಾತು, ಕೂಲಿ, ತೆರಿಗೆ ಇವೆಲ್ಲವೂ ಬೇರೆಬೇರೆಯಾಗಿರಲಿ. ಹಿಂದಕ್ಕೆ ಕೊಳ್ಳುವ ಭರವಸೆಯಿದ್ದರೆ ಅದೂ ಬರವಣಿಗೆಯಲ್ಲಿರಲಿ. ಹಿಂಬದಿ ಮುಚ್ಚಿದ ಹಳೆಯ ಕಟ್ಟಡದ ಓಲೆಯಾದರೆ ಕಲ್ಲಿನ ಕೆಳಗೆ ತಗಡನ್ನಿಟ್ಟು ಹೊಳಪು ಬರಿಸಿರಬಹುದು. ಬಿಚ್ಚಿಸಿ ನೋಡದೆ ಅದರ ಬೆಲೆಯನ್ನು ಕಟ್ಟಲಾಗದು. ಅಜ್ಜಿಯ ಓಲೆಯನ್ನು ಹೆಣ್ಣುಮಕ್ಕಳಿಗೆ ಹಂಚುವಾಗ ಈ ಪರೀಕ್ಷೆಯನ್ನು ಮೊದಲೇ ಮಾಡಿಸಿ, ತೂಕವನ್ನು ಬರೆದಿಟ್ಟರೆ ಅಕ್ಕತಂಗಿಯರಲ್ಲಿ ಮುಂದೆ ಮನಸ್ತಾಪಕ್ಕೆ ಎಡೆಯಿರದು.

ವಜ್ರಕ್ಕೆ ಜಿಡ್ಡು ಬಹು ಬೇಗ ಅಂಟುತ್ತದೆ. ಎಣ್ಣೆಸ್ನಾನದ ಮುನ್ನ ಓಲೆಯನ್ನು ತೆಗೆದಿಡುವ ನಮ್ಮ ಹಿರಿಯ ಹೆಂಗಸರ ಪದ್ಧತಿ ಒಳ್ಳೆಯದು. ಮಂಕಾದರೆ ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಯಿಸಿ ಮೃದುವಾದ ಬ್ರಷಿನಿಂದ ಉಜ್ಜಿದರೆ ಸಾಕು. ಒಂದು ವಜ್ರವು ಇನ್ನೊಂದನ್ನೂ ಮುತ್ತನ್ನೂ ಗೀಚುವುದರಿಂದ ಒಡವೆಗಳನ್ನು ಬೇರೆಬೇರೆಯಾಗಿ ಹತ್ತಿಯಲ್ಲಿ ಸುತ್ತಿಡಬೇಕು. ವರ್ಷಕ್ಕೊಮ್ಮೆ ಹಿಡಿಗಳು ಸಡಿಲವಾಗಿವೆಯೋ ಎಂದು ಅಕ್ಕಸಾಲಿಗರಿಗೆ ತೋರಿಸಬೇಕು.

ಕೇಳಿ ತಿಳಿದು ಕೊಳ್ಳುವ ಗಿರಾಕಿಯನ್ನು ಪ್ರಾಮಾಣಿಕನಾದ ವ್ಯಾಪಾರಿಯು ಗೌರವದಿಂದಲೇ ಕಾಣುತ್ತಾನೆ. ಪ್ರಶ್ನೆಗೆ ಮುಖ ಸಿಂಡರಿಸುವ ಅಂಗಡಿಯಿಂದ ಎದ್ದು ಬರುವುದರಲ್ಲಿ ಅವಮಾನವೇನೂ ಇಲ್ಲ. ಚಿನ್ನದ ತಕ್ಕಡಿಯ ಮುಂದೆ ತೋರಿಸುವ ಎಚ್ಚರವನ್ನೇ ಕಲ್ಲಿನ ಮುಂದೆಯೂ ತೋರಿಸಿದರೆ, ಮಗಳ ಕಿವಿಯಲ್ಲಿ ಮಿನುಗುವ ವಜ್ರವು ತಂದೆಯ ವಿವೇಕಕ್ಕೂ ಸಾಕ್ಷಿಯಾಗಿ ನಿಲ್ಲುವುದು.